ಕೋವಿ, ಅರ ಮತ್ತು ಕಾಯಿದೆ

ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ವಿಚಿತ್ರವಾದ ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾನೆ. ಅವನಿರುವ ಊರಿನಲ್ಲಿ ಗೃಹಸ್ಥರು ತಮ್ಮ ಪಿಸ್ತೂಲಿನ ತುದಿಯಲ್ಲಿರುವ ಗುರಿಮೊನೆಯನ್ನು ಮನೆಯಲ್ಲಿಯೇ ಅರದಿಂದ ಉಜ್ಜಿ ತಗ್ಗಿಸಿ, ಅದಕ್ಕೆ ಮತ್ತೆ ಕಪ್ಪು ಹೊಳಪು ಕೊಟ್ಟುಕೊಳ್ಳುತ್ತಾರಂತೆ. “ಟಿಪ್ಪುವಿನ ಕಾಲದಲ್ಲಿ ಕೋವಿಗಳನ್ನು ಮಾಡುತ್ತಿದ್ದ ನಾಡು ನಮ್ಮದು. ನಮ್ಮಲ್ಲಿ ಈ ವಿದ್ಯೆ ಏನಾಯಿತು ಮೇಷ್ಟ್ರೇ?” ಎಂಬುದು ಅವನ ಪ್ರಶ್ನೆ. ಪ್ರಶ್ನೆ ಕಬ್ಬಿಣದ ಒಂದು ಚೂರಿನದಾದರೂ ಉತ್ತರಕ್ಕೆ ಇನ್ನೂರು ವರ್ಷಗಳ ಚರಿತ್ರೆ ಬೇಕು. ಆದ್ದರಿಂದ ಎಲ್ಲರಿಗೂ ತಿಳಿಯಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಈ ಕೆಲಸದ ಮರ್ಮವನ್ನು ನೋಡೋಣ. ಹಿಡಿಯ ಕಡೆ ಒಂದು ಸೀಳು, ನಳಿಗೆಯ ತುದಿಯಲ್ಲಿ ಒಂದು ಮೊನೆ. ಇವೆರಡೂ ಕಣ್ಣಿನ ನೇರಕ್ಕೆ ಬಂದಾಗ ಗುರಿ ಕೂಡುತ್ತದೆ. ತುದಿಯ ಮೊನೆ ಬೇಕಾದುದಕ್ಕಿಂತ ಎತ್ತರವಾಗಿದ್ದರೆ ನಳಿಗೆ ಕೆಳಮುಖವಾಗಿ, ಗುಂಡು ಗುರಿಯ ಕೆಳಗೆ ಬೀಳುತ್ತದೆ. ಮೊನೆಯನ್ನು ತಗ್ಗಿಸಿದರೆ ನಳಿಗೆಯನ್ನು ಅಷ್ಟು ಮೇಲೆತ್ತಬೇಕಾಗುತ್ತದೆ, ಗುಂಡೂ ಮೇಲೇರುತ್ತದೆ. ಎಷ್ಟು ತಗ್ಗಿಸಬೇಕೆಂಬುದು ಒಂಬತ್ತು, ಹತ್ತನೆಯ ತರಗತಿಗಳ ಸಮರೂಪ ತ್ರಿಭುಜಗಳ ಲೆಕ್ಕ. ಸೀಳಿಗೂ ಮೊನೆಗೂ ನಡುವಿನ ಅಂತರ 150 ಮಿಲಿಮೀಟರ್, ಗುರಿಯ ದೂರ 15 ಮೀಟರ್ ಎಂದಿಟ್ಟುಕೊಳ್ಳಿ. ಪ್ರಮಾಣ ಒಂದಕ್ಕೆ ನೂರು. ಗುಂಡು 4 ಸೆಂಟಿಮೀಟರ್ ಕೆಳಗೆ ಬಿದ್ದರೆ ಉಜ್ಜಬೇಕಾದುದು 0.4 ಮಿಲಿಮೀಟರ್ ಮಾತ್ರ. ಇದರಲ್ಲಿ ಒಂದು ಕೂದಲೆಳೆ ಹೆಚ್ಚಾದರೂ ತಪ್ಪು ತಿರುಗಿ ಎದುರು ದಿಕ್ಕಿಗೆ ಹೋಗುತ್ತದೆ. ಉಜ್ಜಿ ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬಾರದು.

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸೈನ್ಯದಲ್ಲಿ ಆಯುಧಗಳ ದುರಸ್ತಿ ನೋಡಿಕೊಂಡು ನಿವೃತ್ತರಾದ ಸುಬೇದಾರರೊಬ್ಬರಿದ್ದರು. ಸಂಜೆಯ ವೇಳೆ ಜಗಲಿಯ ಮೇಲೆ ಕುಳಿತು ಈ ಸಂಗತಿಗಳನ್ನು ನನಗೆ ಬಿಡಿಸಿ ಹೇಳಿದವರು ಅವರೇ. “ಅರ ಎಳೆಯುವುದು ಮೂರು ಸಲ, ಪರೀಕ್ಷಿಸುವುದು ಮೂವತ್ತು ಸಲ” ಎನ್ನುತ್ತಿದ್ದರು. ತೋಟಾ ಬದಲಾದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಭಾರವಾದ, ನಿಧಾನವಾದ ಗುಂಡು ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ, ಏಕೆಂದರೆ ಅದು ನಳಿಗೆಯನ್ನು ದಾಟುವಷ್ಟರಲ್ಲಿ ಒದೆತಕ್ಕೆ ಕೈ ಎತ್ತಿಹೋಗಿರುತ್ತದೆ. ಆದ್ದರಿಂದ ಯಾವ ತೋಟಾ ಎಂಬುದು ನಿಶ್ಚಯವಾಗದೆ ಅರವನ್ನು ಮುಟ್ಟಬಾರದೆಂಬುದು ಅವರ ನಿಯಮ.

ಉಜ್ಜಿದ ಮೇಲೆ ಇನ್ನೊಂದು ತೊಡಕು. ಕಪ್ಪು ಹೊದಿಕೆ ಹೋಗಿ ಒಳಗಿನ ಬಿಳಿಯ ಉಕ್ಕು ಬಿಸಿಲಿಗೆ ಮಿನುಗುತ್ತದೆ, ಕಣ್ಣಿಗೆ ಮೊನೆಯ ಅಂಚು ನಿಲ್ಲುವುದಿಲ್ಲ. ಬೆಂಗಳೂರಿನ ಆಷಾಢದ ಜಿಟಿಜಿಟಿಗೆ ತುಕ್ಕು ಹಿಡಿಯಲು ಎರಡು ದಿನ ಸಾಕು. ಹಳೆಯ ಕುಶಲಿಗಳು ಆ ತುಕ್ಕನ್ನೇ ಮದ್ದಾಗಿ ಬಳಸಿದರು. ಲೋಹದ ಜಿಡ್ಡನ್ನು ಪೂರ್ತಿ ತೆಗೆದು, ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದ್ದಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ. ಮೇಲಿನ ಪುಡಿಯನ್ನು ಉಜ್ಜಿ ತೆಗೆದು, ಹೀಗೆ ಹಲವು ಸಲ ಮಾಡಿ ಎಣ್ಣೆ ಸವರಿದರೆ ಬಣ್ಣ ಬಹುಕಾಲ ನಿಲ್ಲುತ್ತದೆ. ಸ್ಪರ್ಧೆಯ ದಿನಕ್ಕೆ ಮಾತ್ರ ಸಾಕೆಂದರೆ ಕರ್ಪೂರ ಹಚ್ಚಿ ಅದರ ಕಾಡಿಗೆಯನ್ನು ಮೊನೆಗೆ ಹಿಡಿಸುತ್ತಿದ್ದರಂತೆ.

ಇನ್ನು ಚರಿತ್ರೆಗೆ ಬರೋಣ. ಈ ವಿದ್ಯೆ ನಮಗೆ ಹೊರಗಿನದಲ್ಲ. ಪಾಶ್ಚಾತ್ಯರು ಕರೆದ ‘ವೂಟ್ಸ್’ ಎಂಬ ಹೆಸರಿನ ಹಿಂದೆ ನಮ್ಮ ‘ಉಕ್ಕು’ ಇದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬಂದೂಕು, ತುಪಾಕಿ ಎಂಬ ಮಾತುಗಳು ಪಶ್ಚಿಮದಿಂದ ಬಂದವಾದರೂ ಕೋವಿ, ನಳಿಗೆ, ಮದ್ದು, ಗುಂಡು ನಮ್ಮ ಮನೆಮಾತುಗಳೇ. ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿ ಶ್ರೀರಂಗಪಟ್ಟಣ, ನಗರ ಮೊದಲಾದ ಕಡೆಗಳಲ್ಲಿ ಬಂದೂಕುಗಳು ತಯಾರಾಗುತ್ತಿದ್ದವು. ಟಿಪ್ಪುವಿನ ಕೋವಿಗಳ ಮೇಲೆ ಹುಲಿಪಟ್ಟೆಯ ಅಲಂಕಾರದ ಜೊತೆಗೆ ತಯಾರಾದ ಊರು, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಮತ್ತು ಕೆಲವೊಮ್ಮೆ ಕುಶಲಕರ್ಮಿಯ ಹೆಸರೂ ಕೆತ್ತಿರುವುದುಂಟು. ಆಯುಧದ ಮೇಲೆ ಅರಸನ ಗುರುತಿನ ಪಕ್ಕದಲ್ಲಿ ಕೆಲಸಗಾರನ ಹೆಸರೂ ಇತ್ತೆಂಬುದನ್ನು ಗಮನಿಸಬೇಕು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಬಳಿಗೆ ಹೋದ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನೊಂದಿಗೆ ಕುಶಲಕರ್ಮಿಗಳನ್ನೂ ಬೇಡಿದ್ದರು.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಪೇಟೆಯ ತಾರಾಮಂಡಲಪೇಟೆ ಎಂಬ ಹೆಸರು ಮೈಸೂರಿನ ರಾಕೆಟ್ಟುಗಳ ನೆನಪನ್ನು ಹೊತ್ತಿದೆಯೆಂದು ಹೇಳುತ್ತಾರೆ. ಕೋಟೆಯ ದಕ್ಷಿಣಕ್ಕೆ, ಕಲಾಸಿಪಾಳ್ಯದ ಬಳಿ, ಟಿಪ್ಪುವಿನ ಮದ್ದಿನಮನೆ ಇಂದಿಗೂ ನಿಂತಿದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನೂ ಕೋಟೆಯನ್ನೂ ಹಿಡಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ಕೋವಿಗಳು ಕೊಳ್ಳೆಯ ಮಾಲಾಗಿ ಹಡಗು ಹತ್ತಿದವು. ಅವು ಇಂದು ಇಂಗ್ಲೆಂಡಿನ ಸಂಗ್ರಹಗಳಲ್ಲಿಯೂ ಹರಾಜುಗಳಲ್ಲಿಯೂ ಕಾಣಸಿಗುತ್ತವೆ. ಅವನ್ನು ಮಾಡಿದ ಕೈಗಳು ಇಲ್ಲಿಯೇ ಉಳಿದವು. ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನು ಮೆಚ್ಚಿ ಬರೆದಿದ್ದಾನೆ. ಉಕ್ಕಿನ ಜ್ಞಾನ ಒಂದೇ ದಿನದಲ್ಲಿ ಅಳಿಯಲಿಲ್ಲ, ಆದರೆ ಕೋವಿಯ ಕುಲುಮೆಗೆ ಒಡೆಯನಿಲ್ಲದಂತಾಯಿತು.

ಉಳಿದುದನ್ನು ಕಾಯಿದೆ ಮುಗಿಸಿತು. 1857ರ ದಂಗೆಯ ಬಳಿಕ ಜನರ ಕೈಯಿಂದ ಆಯುಧ ಕಸಿಯುವ ಕಾನೂನುಗಳು ಬಂದವು. ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆ ಅವುಗಳಲ್ಲಿ ಮುಖ್ಯವಾದುದು. ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಈ ಕಾಯಿದೆಯನ್ನು ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೇ 1918ರಲ್ಲಿ ಕಟುವಾಗಿ ಖಂಡಿಸಿದ್ದರು. ನಮ್ಮ ನಾಡಿನಲ್ಲಿ ಕೊಡಗಿನವರಿಗೆ ಮಾತ್ರ ವಿನಾಯಿತಿ ದೊರೆಯಿತು. 1861ರ ಫೆಬ್ರುವರಿಯಲ್ಲಿ ಆ ಆಜ್ಞೆಯನ್ನು ಹೊರಡಿಸಿದವನು ಮೈಸೂರು ಮತ್ತು ಕೊಡಗುಗಳನ್ನು ಆಳುತ್ತಿದ್ದ ಮಾರ್ಕ್ ಕಬ್ಬನ್. ನಾವು ಕಬ್ಬನ್ ಪಾರ್ಕಿನಲ್ಲಿ ಸ್ಮರಿಸುವ ಅದೇ ಕಬ್ಬನ್. ಆ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ‘ತೋಕ್ ಪೂ’ ಮುಡಿಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಬಸವನಗುಡಿಯ ನಮ್ಮ ಆಯುಧಪೂಜೆಯಲ್ಲಿ ಕುಂಕುಮ ಬೀಳುವುದು ಸ್ಕೂಟರಿಗೆ, ಇಳಿಗೆಮಣೆಗೆ.

ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇದರಲ್ಲಿ ಬಹುಮಂದಿ ಗಮನಿಸದ ಒಂದು ವಿವರವಿದೆ. ಕೋವಿಯನ್ನು ಇಟ್ಟುಕೊಳ್ಳಲು ಒಂದು ಲೈಸೆನ್ಸು. ಅದನ್ನು ತಯಾರಿಸಲು, ಮಾರ್ಪಡಿಸಲು, ದುರಸ್ತಿ ಮಾಡಲು ಐದನೆಯ ಸೆಕ್ಷನ್ನಿನಂತೆ ಬೇರೆಯೇ ಲೈಸೆನ್ಸು. ಅಜ್ಜನ ರಿವಾಲ್ವರಿಗೆ ವಾರಸುದಾರನಾಗಿ ಲೈಸೆನ್ಸು ಪಡೆದವನಿಗೂ ಅದಕ್ಕೆ ಮನೆಯಲ್ಲಿ ಅರ ಹಚ್ಚುವ ಅಧಿಕಾರ ತಾನಾಗಿ ಬರುವುದಿಲ್ಲ. ಅನುಮತಿಯುಳ್ಳ ದುರಸ್ತಿಗಾರನ ಬಳಿಗೇ ಒಯ್ಯಬೇಕು.

ಇದರ ವಿಪರ್ಯಾಸವನ್ನು ನೋಡಿ. ಬೆಂಗಳೂರಿನಷ್ಟು ಅರ ಹಿಡಿಯಲು ಬಲ್ಲ ಕೈಗಳಿದ್ದ ಊರು ದೇಶದಲ್ಲಿ ವಿರಳ. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಇಲ್ಲಿ ಹುಟ್ಟಿದವು. ಫಿಟ್ಟರ್ ಆಗಬೇಕಾದ ಹುಡುಗ ಮೊದಲು ಕಲಿಯಬೇಕಾದುದೇ ಅರದಿಂದ ಕಬ್ಬಿಣದ ತುಂಡನ್ನು ಮಟ್ಟಸವಾದ ಚೌಕವಾಗಿ ಉಜ್ಜುವುದನ್ನು. ನಿಮ್ಮಲ್ಲೇ ಎಷ್ಟೋ ಮಂದಿಯ ತಂದೆಯರು ಬೆರಳ ತುದಿಯಿಂದ ಕೂದಲೆಳೆಯ ಏರುಪೇರನ್ನು ಗುರುತಿಸಬಲ್ಲವರಾಗಿದ್ದರು. 0.4 ಮಿಲಿಮೀಟರ್ ಅವರಿಗೆ ದೊಡ್ಡ ಅಳತೆ. ಆ ವಿದ್ಯೆ ಗಡಿಯಾರಕ್ಕೆ, ವಿಮಾನಕ್ಕೆ, ಟೆಲಿಫೋನಿಗೆ ಸಂದಿತು, ಕೋವಿಗೆ ಸಲ್ಲಲಿಲ್ಲ.

ಇದು ನಷ್ಟವೇ, ಲಾಭವೇ? ಪರಕೀಯರು ನಮ್ಮನ್ನು ನಿರಾಯುಧಗೊಳಿಸಿದ್ದು ಭಯದಿಂದ. ಅದು ಅವಮಾನವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಣರಾಜ್ಯವು ಅದೇ ನಿರ್ಬಂಧವನ್ನು ಬೇರೆ ಕಾರಣಕ್ಕಾಗಿ ಉಳಿಸಿಕೊಂಡಿತು. ಮನೆಮನೆಯಲ್ಲಿ ಪಿಸ್ತೂಲು ಇರುವ ಬೀದಿಗಳಲ್ಲಿ ನಾನು ನಲವತ್ತು ವರ್ಷ ಮಕ್ಕಳನ್ನು ಶಾಲೆಗೆ ಕರೆಯಬೇಕಾಗಿದ್ದರೆ ಹೇಗಿರುತ್ತಿತ್ತೆಂದು ಯೋಚಿಸಿದಾಗ ಈ ಕಾಯಿದೆಯ ಬೆಲೆ ತಿಳಿಯುತ್ತದೆ. ಕೋವಿ ಕಡಿಮೆಯಾದದ್ದಕ್ಕೆ ನನಗೆ ದುಃಖವಿಲ್ಲ. ಕೋವಿಯ ಮೇಲೆ ಹೆಸರು ಕೆತ್ತಿದ ಕುಶಲಕರ್ಮಿಯ ಸಂತತಿ ಯಾವುದು, ಅವರ ಕುಲುಮೆ ಯಾವ ಬೀದಿಯಲ್ಲಿತ್ತು ಎಂದು ಹೇಳಬಲ್ಲವರು ನಮ್ಮ ನಡುವೆ ಉಳಿಯದಿರುವುದಕ್ಕೆ ದುಃಖವಿದೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ಕೋವಿಯಿದ್ದರೆ ಅದರ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ. ಅದರ ಮೇಲಿನ ಬರಹವನ್ನು ಓದಿ, ಬರೆದಿಡಿ. ಅರವನ್ನು ಮಾತ್ರ ಮುಟ್ಟಬೇಡಿ. ರಜೆಯಲ್ಲಿ ಊರಿಗೆ ಬಂದಾಗ ಮಕ್ಕಳನ್ನು ಕಲಾಸಿಪಾಳ್ಯದ ಆ ಮದ್ದಿನಮನೆಗೆ ಒಮ್ಮೆ ಕರೆದೊಯ್ಯಿರಿ.