ತೋಟಕ್ಕೆ ಬಂದ ಬೋರ್ಡೋ

ಹಡಗಿನ ಕೆಲಸದಿಂದ ರಜೆಗೆ ಬಂದ ತಂಗಿಯ ಮಗ ನನ್ನೆದುರು ಒಂದು ಬಾಟಲಿ ಇಟ್ಟ. "ಮಾಮಾ, ಫ್ರಾನ್ಸಿನ ಕೆಂಪು ವೈನು. ಒಳ್ಳೇದು" ಎಂದ. ಗೋವಾ ಗಡಿಯಂಚಿನ ನಮ್ಮ ಮಾಜಾಳಿಯವರಿಗೆ ಬಾಟಲಿ ಹೊಸದಲ್ಲ. ಗಡಿ ದಾಟಿ ಪೋಳೆಂಗೆ ಕಾಲಿಟ್ಟರೆ ಹೆದ್ದಾರಿಯ ಪಕ್ಕದಲ್ಲೇ ಮದ್ಯದಂಗಡಿಗಳು. ನನ್ನ ಕಣ್ಣು ನಿಂತದ್ದು ಬಾಟಲಿಯ ಚೀಟಿಯ ಮೇಲೆ. ಸೇಂಟ್ ಜೂಲಿಯನ್, ಬೋರ್ಡೋ.

ಆ ಊರನ್ನು ನಾನು ನೋಡಿಲ್ಲ. ಅದರ ಋಣ ಮಾತ್ರ ನನ್ನ ಮೇಲಿದೆ. ತೋಟಗಾರಿಕೆ ಇಲಾಖೆಯಲ್ಲಿ ಸಹಾಯಕನಾಗಿ ಅಂಕೋಲೆಯ ಅಚವೆ ಕಡೆಯ ಅಡಿಕೆ ತೋಟಗಳನ್ನು ತಿರುಗಿದವನು ನಾನು. ಮೇ ಕೊನೆಯಿಂದ ಆಗಸ್ಟ್‌ವರೆಗೆ ಬಾಯಲ್ಲಿ ಒಂದೇ ಮಾತು: "ಬೋರ್ಡೋ ಹೊಡೆದಿರಾ?" ಒಮ್ಮೆ ಒಬ್ಬ ಹಿರಿಯರು ಕೇಳಿದ್ದರು: "ಸಾಹೇಬ್ರೆ, ಬೋರ್ಡೋ ಅಂದ್ರೆ ಯಾರ ಹೆಸ್ರು?" ಅದು ದ್ರಾಕ್ಷಿ ಬೆಳೆಯುವ ಊರಿನ ಹೆಸರು ಎಂದಾಗ ಅವರು ನಂಬಲಿಲ್ಲ. ದ್ರಾಕ್ಷಿಗೂ ಅಡಿಕೆಗೂ ಎಲ್ಲಿಯ ಸಂಬಂಧ?

ಸಂಬಂಧ ಶುರುವಾದದ್ದು ಒಂದು ಸಂಕಟದಿಂದ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಬುಡದಿಂದ ತಿನ್ನತೊಡಗಿತು. ಅಮೆರಿಕದ ಬಳ್ಳಿಯ ಬೇರಿಗೆ ಆ ಹೇನಿನ ಕಾಟವನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಹಾಗಾಗಿ ಅದನ್ನು ತರಿಸಿ ತಮ್ಮ ಬಳ್ಳಿಯನ್ನು ಅದರ ಮೇಲೆ ಕಸಿ ಕಟ್ಟಿದರು. ಆದರೆ ಅಮೆರಿಕದ ಬಳ್ಳಿಗಳ ಜೊತೆಗೇ ಇನ್ನೊಂದು ರೋಗ ಬಂತು. 1878ರಲ್ಲಿ ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಕಾಣಿಸಿತು. ಎಲೆ ಉದುರಿದರೆ ಹಣ್ಣಿಗೆ ಸಿಹಿ ಕಟ್ಟುವುದಿಲ್ಲ, ಸಿಹಿಯಿಲ್ಲದೆ ವೈನಿಲ್ಲ.

ಇದಕ್ಕೆ ಮದ್ದಿನ ಸುಳಿವು ಸಿಕ್ಕಿದ್ದು ಸೇಂಟ್ ಜೂಲಿಯನ್ನಿನ ದ್ಯುಕ್ರು ಬೋಕಾಯುವಿನಲ್ಲಿ, ಬೋರ್ಡೋ ವೈನುಗಳ 1855ರ ಶ್ರೇಣಿಪಟ್ಟಿಯಲ್ಲೇ ಎರಡನೇ ದರ್ಜೆ ಪಡೆದ ತೋಟದಲ್ಲಿ. ಅಲ್ಲಿಯ ದ್ರಾಕ್ಷಿ ಮುಖ್ಯವಾಗಿ ಕ್ಯಾಬರ್ನೆ ಸೋವಿನ್ಯೋನ್: ಸಣ್ಣ ಕಾಯಿ, ದಪ್ಪ ಸಿಪ್ಪೆ, ನಿಧಾನವಾಗಿ ಹಣ್ಣಾಗುವ ಜಾತಿ. ವೈನಿನ ಕೆಂಪು ರಸದ್ದಲ್ಲ, ಸಿಪ್ಪೆಯದು. ಸಿಪ್ಪೆಯ ಒಗರನ್ನು ಮೆದುಗೊಳಿಸಲು ಮರ್ಲೋ ಎಂಬ ಇನ್ನೊಂದು ಜಾತಿ ಬೆರೆಸುತ್ತಾರೆ. 1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಮಿಲ್ಲಾರ್ದೆ ಆ ತೋಟದ ಪಕ್ಕ ನಡೆದುಹೋಗುತ್ತಿದ್ದರು. ಒಳಗಿನ ಬಳ್ಳಿಗಳು ಎಲೆ ಕಳಚಿ ನಿಂತಿದ್ದರೆ, ದಾರಿಯಂಚಿನ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿತ್ತು. ಎಲೆಗಳ ಮೇಲೆ ನೀಲಿ ಕಲೆ. ವಿಚಾರಿಸಿದಾಗ ತಿಳಿಯಿತು: ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಚಿಮುಕಿಸಿದ್ದರು. ವಿಷವೆಂದು ಹೆದರಿ ಯಾರೂ ಮುಟ್ಟದಿರಲಿ ಎಂದು.

ಈ ಘಟನೆ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆ ದಾರಿಯಲ್ಲಿ ಎಷ್ಟು ಜನ ನಡೆದಿದ್ದರೋ, ನಿಂತು ನೋಡಿದವರು ಮಿಲ್ಲಾರ್ದೆ. ಆ ತೋಟದ ಮೇಲ್ವಿಚಾರಕ ಅರ್ನೆಸ್ಟ್ ದಾವಿದ್ ಮತ್ತು ರಸಾಯನಶಾಸ್ತ್ರಜ್ಞ ಗೇಯೋನ್ ಜೊತೆಗೂಡಿ ಅವರು ಪ್ರಯೋಗ ಮಾಡಿ 1885ರಲ್ಲಿ ಅಳತೆ ಪ್ರಕಟಿಸಿದರು: 100 ಲೀಟರ್ ನೀರಿಗೆ 8 ಕಿಲೋ ತುತ್ತ, ಬೇರೆ 30 ಲೀಟರಿನಲ್ಲಿ 15 ಕಿಲೋ ಸುಣ್ಣ. ಮುಂದೆ ಬೋರ್ಡೋ ಎನಿಸಿಕೊಂಡ ಆ ಗಂಜಿಯಂಥ ದ್ರವವನ್ನು ಕಸಬರಿಗೆಯಿಂದ ಎಲೆಗೆ ಚಿಮುಕಿಸುತ್ತಿದ್ದರು.

ನಮ್ಮಲ್ಲಿ ಆಗ ಅಡಿಕೆಯ ಕೊಳೆರೋಗಕ್ಕೆ ಇದ್ದದ್ದು ಕೊಟ್ಟೆ. ಮಳೆ ಹಿಡಿಯುವ ಮೊದಲು ಮರ ಹತ್ತಿ ಒಂದೊಂದು ಕೊನೆಗೂ ಅಡಿಕೆ ಹಾಳೆಯದೋ ಕರಡದ್ದೋ ಕೊಟ್ಟೆ ಕಟ್ಟಬೇಕು. ಸಾವಿರ ಮರದ ತೋಟವೆಂದರೆ ಎಷ್ಟು ಹತ್ತಿಳಿಯುವುದು! ಕೊಟ್ಟೆ ಸರಿದಲ್ಲಿ ಕಾಯಿಗೆ ಬಿಳಿ ಬೂಷ್ಟು ಬಂದು, ಹಸಿ ಅಡಿಕೆ ಬುಡದಲ್ಲಿ ಹಾಸಿಗೆಯಾಗಿ ಬೀಳುತ್ತಿತ್ತು.

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ನಮ್ಮವರಿಟ್ಟ ಹೆಸರನ್ನೇ ಉಳಿಸಿ ಇಂಗ್ಲಿಷಿನಲ್ಲೂ ಕೊಳೆರೋಗ ಎಂದೇ ಬರೆದರು. ಅದಕ್ಕಾಗಿ ಅವರ ಮೇಲೆ ನನಗೆ ಹೆಚ್ಚಿನ ಗೌರವ. ದ್ರಾಕ್ಷಿಯ ಬೂಷ್ಟು, 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ ರೋಗ, ನಮ್ಮ ಕೊಳೆ, ಮೂರರ ಜೀವಾಣುಗಳೂ ಒಂದೇ ಬಳಗದವು. ನೀರಿನಲ್ಲಿ ಈಜಿ ಹರಡುವ ಜಾತಿ. ಹಾಗಾಗಿ ಫ್ರಾನ್ಸಿನ ಮದ್ದು ಇಲ್ಲಿಯೂ ಹಿಡಿಯಿತು. ಮಳೆಗೆ ತೊಳೆದುಹೋಗದಿರಲೆಂದು ಕೋಲ್ಮನ್ ಅದಕ್ಕೆ ರಾಳ, ಸೋಡಾದ ಅಂಟು ಸೇರಿಸಿದರು. ಬೋರ್ಡೋದಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಕಾರವಾರದಲ್ಲಿ 3,000ದ ಆಸುಪಾಸು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂಟಿಲ್ಲದೆ ಇಲ್ಲಿ ಏನು ನಿಂತೀತು?

ಅದೇ ಮಳೆಯಿಂದಾಗಿ ಮಾಜಾಳಿಯಲ್ಲಿ ದ್ರಾಕ್ಷಿ ಬೆಳೆಯುವ ಮಾತೇ ಇಲ್ಲ. ಫ್ರಾನ್ಸಿನ ಜಾತಿಗಳು ಕರ್ನಾಟಕಕ್ಕೆ ಬಂದದ್ದು ಒಣಹವೆಯ ಕಡೆಗೆ. 1980ರ ದಶಕದಲ್ಲಿ ಕನ್ವಲ್ ಗ್ರೋವರ್ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕ್ಯಾಬರ್ನೆ ಬೆಳೆಸಿದರು. ಚಳಿಗೆ ಮಲಗುವ ಬಳ್ಳಿ ಇಲ್ಲಿ ಮಲಗುವುದಿಲ್ಲ. ವರ್ಷಕ್ಕೆ ಎರಡು ಬಾರಿ ಚಾಟಣಿ ಮಾಡಿ ಒಂದೇ ಫಸಲು ತೆಗೆಯಬೇಕು.

ಅಡಿಕೆಗೆ ಹೊಡೆಯುವ ಬೋರ್ಡೋದಲ್ಲಿ ನಮ್ಮ ಅಳತೆ ಶೇಕಡಾ 1ರದ್ದು: 1 ಕಿಲೋ ತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಕೇಳಲು ಸುಲಭ, ಮಾಡಲು ಶ್ರದ್ಧೆ ಬೇಕು. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು. ಸುಣ್ಣ ಹಳೆಯದಾಗಿರಬಾರದು. ಎರಡನ್ನೂ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕೋಲಿನಿಂದ ತಿರುವುತ್ತಿರಬೇಕು. ಕೊನೆಗೆ ಉಜ್ಜಿದ ಕತ್ತಿಯ ತುದಿ ಅದ್ದಿ ನೋಡುವುದು. ಕತ್ತಿ ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ. ಹಾಗೇ ಹೊಡೆದರೆ ಕಾಯಿ ಸುಡುತ್ತದೆ, ಸುಣ್ಣ ಇನ್ನಷ್ಟು ಹಾಕಬೇಕು. ನಾನು ಕಲಿಸಿದ್ದರಲ್ಲಿ ಮುಖ್ಯವಾದದ್ದು ಇದೇ. ಆಕಾಶದ ಬಣ್ಣದ ಆ ದ್ರವವನ್ನು ಮರದ ತುದಿಯಲ್ಲಿ ಕೂತ ಕೊನೆಗೌಡ ಹೊಡೆಯುವಾಗ ಕೆಳಗೆ ನಿಂತವರ ತಲೆ, ಅಂಗಿ, ತೋಟದ ದಾರಿಯೆಲ್ಲ ನೀಲಿ. 40-45 ದಿನ ಬಿಟ್ಟು ಮತ್ತೊಮ್ಮೆ. ಮಳೆ ಬಿಡದಿದ್ದರೆ ಮೂರನೆಯದೂ.

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಬಾಟಲಿಯ ಚೀಟಿಯನ್ನು ಮತ್ತೆ ಓದಿದ. ನಾನು ಎರಡು ಗುಟುಕು ಕುಡಿದೆ. ಒಗರು ನಾಲಿಗೆಯ ಬದಿಗಳಲ್ಲಿ ಹಿಡಿದು ನಿಂತಿತು, ಎಳೆ ಅಡಿಕೆ ಜಗಿದಂತೆ.

ಜೂನಿನಲ್ಲಿ ಅವನನ್ನು ಅಚವೆಗೆ ಕರೆದೊಯ್ದೆ. ಮರ ಹತ್ತುವವರು ಕಡಿಮೆಯಾಗಿ, ಹುಡುಗರು ಕಾರ್ಬನ್ ಫೈಬರಿನ ದೋಟಿ ಹಿಡಿದು ನೆಲದಿಂದಲೇ ಮದ್ದು ಹೊಡೆಯುತ್ತಿದ್ದರು. ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಯಜಮಾನರು ಚೊಂಬಿನಲ್ಲಿ ತೋಡಿ ಕಾಳುಮೆಣಸಿನ ಬುಡಗಳಿಗೆ ಹೊಯ್ಯುತ್ತ ಹೋದರು. ಮೆಣಸಿನ ಸೊರಗು ರೋಗವೂ ಕೊಳೆಯ ಬಳಗದ್ದೇ. "ಬಳ್ಳಿಗೂ ಆಗ್ತದಾ ಇದು?" ಎಂದು ಅಳಿಯ ಕೇಳಿದ. "ಮೊದ್ಲು ಕಂಡಿದ್ದೇ ಬಳ್ಳಿಗೆ" ಎಂದೆ. ಯಜಮಾನರು ಅವನ ಕೈಗೆ ಚೊಂಬು ಕೊಟ್ಟರು.