ಹುಷಾರಿಲ್ಲದ ಕೂಸು ಹಾಲು, ನೀರು ಏನೂ ಮುಟ್ಟುತ್ತಿಲ್ಲವೇ? ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

"ಮುಂಜಾನಿಂದ ಕೂಸು ಹಾಲು ಕುಡೀವಲ್ದು" ಎಂದು ತಾಯಿ ಹೇಳಿದರೆ ಹುಬ್ಬಳ್ಳಿ-ಧಾರವಾಡದ ಕಡೆಯ ಮನೆಗಳಲ್ಲಿ ಮೂರು ಉತ್ತರ ಸಿದ್ಧವಾಗಿರುತ್ತವೆ. "ಹಲ್ಲು ಬರಾಕತ್ತಾವ", "ನೆದರ ಆಗೇತಿ", "ಹೊಟ್ಟಿ ಉಬ್ಬೇತಿ, ಬಜಿ ತೇದು ಹಾಕ್ರಿ". ನಾಲ್ಕನೆಯ ಉತ್ತರ ಫ್ಯಾಮಿಲಿ ಗ್ರೂಪಿನಲ್ಲಿ ಬರುತ್ತದೆ: ಗ್ಲೂಕೋಸ್ ನೀರು ಕೊಡಿ, ಜೇನು ನೆಕ್ಕಿಸಿ, ಹಸಿವಾದಾಗ ತಾನೇ ಕುಡಿಯುತ್ತದೆ, ಗಾಬರಿ ಬೇಡ. ಇವನ್ನು ಕಳಿಸುವವರೆಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ಈ ಉತ್ತರಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ ಕೂತರೆ ಕಳೆಯುವುದು ಕೂಸಿನ ಸಮಯ.

ಒಂದೇ ಮಾತಿನಲ್ಲಿ ಹೇಳುವುದಾದರೆ

ಶೀತ, ಜ್ವರ ಇದ್ದಾಗ ಕೂಸು ಒಂದೆರಡು ದಿನ ಊಟ ಕಡಿಮೆ ಮಾಡುವುದು ಸಾಮಾನ್ಯ. ಆದರೆ ಕುಡಿಯುವುದನ್ನೇ ನಿಲ್ಲಿಸುವುದು ಸಾಮಾನ್ಯವಲ್ಲ. ಎರಡು ತಿಂಗಳೊಳಗಿನ ಕೂಸು ಹಾಲು ಬಿಟ್ಟರೆ ಅದು ತುರ್ತು ಪರಿಸ್ಥಿತಿ. ಜ್ವರ ಇರಲಿ ಬಿಡಲಿ, ತಕ್ಷಣ ವೈದ್ಯರಿಗೆ ತೋರಿಸಬೇಕು.

ಊಟ ಬಿಟ್ಟರೆ ತಡೆಯುತ್ತದೆ, ನೀರು ಬಿಟ್ಟರೆ ಏಕೆ ತಡೆಯುವುದಿಲ್ಲ?

ಲೆಕ್ಕ ಸರಳ. 6 ಕಿಲೋ ತೂಕದ ಕೂಸಿಗೆ ದಿನಕ್ಕೆ ಸುಮಾರು 600 ಮಿ.ಲೀ. ದ್ರವ ಬೇಕು. ಇದೇ ಲೆಕ್ಕದಲ್ಲಿ 60 ಕಿಲೋ ತೂಕದ ನೀವು ದಿನಕ್ಕೆ 6 ಲೀಟರ್ ಕುಡಿಯಬೇಕಾಗುತ್ತಿತ್ತು! ಅಂದರೆ ತೂಕಕ್ಕೆ ಹೋಲಿಸಿದರೆ ಕೂಸಿನ ದೇಹದಲ್ಲಿ ನೀರು ನಮಗಿಂತ ಬಹಳ ಬೇಗ ಬಂದು ಹೋಗುತ್ತಿರುತ್ತದೆ. ಜ್ವರ, ವಾಂತಿ, ಬೇಧಿ ಸೇರಿದರೆ ಹೋಗುವ ನೀರು ಹೆಚ್ಚುತ್ತದೆ, ಬರುವ ನೀರು ನಿಲ್ಲುತ್ತದೆ. ದೇಹದ ತೂಕದ ಹತ್ತನೇ ಒಂದು ಭಾಗದಷ್ಟು ನೀರು ಹೋದರೆ ಅದು ತೀವ್ರ ನಿರ್ಜಲೀಕರಣ. ಈ ಕೂಸಿನ ಮಟ್ಟಿಗೆ ಅದು ಬರೀ 600 ಮಿ.ಲೀ. ಇದರ ಜೊತೆಗೆ, ತೀರಾ ಚಿಕ್ಕ ಕೂಸುಗಳ ದೇಹದಲ್ಲಿ ಸಕ್ಕರೆಯ ಸಂಗ್ರಹವೂ ಕಡಿಮೆ. ಹಲವು ಹೊತ್ತು ಹಾಲಿಲ್ಲದಿದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ಕೂಸು ಮಂಕಾಗುತ್ತದೆ. ಮಂಕಾದ ಕೂಸು ಇನ್ನೂ ಕಡಿಮೆ ಕುಡಿಯುತ್ತದೆ.

ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಚಿಕಿತ್ಸಾ ಕ್ರಮದಲ್ಲಿ ಅಪಾಯದ ಚಿಹ್ನೆಗಳ ಪಟ್ಟಿ ಶುರುವಾಗುವುದೇ "ಕುಡಿಯಲು ಅಥವಾ ಮೊಲೆಹಾಲು ಚೀಪಲು ಆಗುತ್ತಿಲ್ಲ" ಎಂಬುದರಿಂದ. ಉಳಿದ ಮೂರು: ಕುಡಿದದ್ದನ್ನೆಲ್ಲ ವಾಂತಿ ಮಾಡುವುದು, ಫಿಟ್ಸ್ ಬರುವುದು, ಮಂಕಾಗುವುದು ಅಥವಾ ಎಚ್ಚರ ತಪ್ಪುವುದು.

ಕೂಸು ಏಕೆ ಒಲ್ಲೆ ಅನ್ನುತ್ತದೆ?

ಹಠದಿಂದಲ್ಲ. ಹೆಚ್ಚಿನ ಸಲ ಕಣ್ಣಿಗೆ ಕಾಣುವ ಕಾರಣ ಇರುತ್ತದೆ.

ಮೂಗು ಕಟ್ಟಿರುವುದು: ಚಿಕ್ಕ ಕೂಸುಗಳು ಮುಖ್ಯವಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಹಾಲು ಚೀಪುತ್ತ ಉಸಿರಾಡಲು ಆಗುವುದಿಲ್ಲ. ಎರಡು ಗುಟುಕು ಕುಡಿದು ಬಿಟ್ಟು ಅಳುತ್ತದೆ.

ಬಾಯಿಯಲ್ಲಿ ನೋವು: ನಾಲಿಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಅದು ಶಿಲೀಂಧ್ರದ ಸೋಂಕು. ಬಾಯಲ್ಲಿ ಹುಣ್ಣು, ಜೊತೆಗೆ ಅಂಗೈ ಅಂಗಾಲಿನಲ್ಲಿ ಗುಳ್ಳೆ ಇದ್ದರೆ ಕೈ-ಕಾಲು-ಬಾಯಿ ರೋಗ ಇರಬಹುದು.

ಕಿವಿ, ಗಂಟಲು ನೋವು: ನುಂಗುವಾಗ ನೋವು ಹೆಚ್ಚುತ್ತದೆ. ಹಸಿದು ಬಾಯಿ ಹಾಕಿ, ಕೂಡಲೇ ಚೀರಿ ಬಿಡುತ್ತದೆ.

ಉಸಿರಾಟದ ತೊಂದರೆ: ಇದು ಅಪಾಯದ ಕಾರಣ. ಕೂಸು ಅಳದೆ ಶಾಂತವಾಗಿರುವಾಗ ಗಡಿಯಾರ ನೋಡಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಿ. ಎರಡು ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, ವರ್ಷ ದಾಟಿದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ ಎಣಿಸುತ್ತ ಕೂಡಬೇಡಿ, ಹೊರಡಿ.

ಮನೆಯಲ್ಲಿ ಏನು ಮಾಡಬಹುದು?

ಕೂಸು ಎಚ್ಚರವಾಗಿದ್ದು, ಮುಖ ನೋಡುತ್ತಿದ್ದು, ಸ್ವಲ್ಪವಾದರೂ ಕುಡಿಯುತ್ತಿದ್ದರೆ ಮಾತ್ರ ಇವು ಅನ್ವಯ.

1. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಒಂದೇ ಸಲ ಹೆಚ್ಚು ಕುಡಿಸಲು ಹೋಗದೆ ಹಾಲಿನ ಸರದಿ ಹೆಚ್ಚಿಸಿ. ಚೀಪಲು ಆಗದಿದ್ದರೆ ಎದೆಹಾಲು ಹಿಂಡಿ ಒಳಲೆಯಲ್ಲಿ ಅಥವಾ ಚಮಚದಲ್ಲಿ ಕೊಡಿ. ಕೂಸನ್ನು ತಲೆ ಎತ್ತರಿಸಿ ಕೂರಿಸಿಕೊಳ್ಳಿ. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು.

2. ಮೂಗು ಕಟ್ಟಿದ್ದರೆ ಔಷಧ ಅಂಗಡಿಯಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಅನ್ನು ಹಾಲಿಗೆ ಸ್ವಲ್ಪ ಮೊದಲು ಹಾಕಿ. ಮೂಗಿಗೆ ಎಣ್ಣೆ ಬಿಡಬೇಡಿ; ಅದು ಶ್ವಾಸಕೋಶಕ್ಕೆ ಇಳಿಯಬಹುದು.

3. ಆರು ತಿಂಗಳು ದಾಟಿದ ಕೂಸಿಗೆ ಹಾಲಿನ ಜೊತೆ ತೆಳು ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ ಕೊಡಬಹುದು. ಘನ ಆಹಾರ ಒಲ್ಲೆ ಅಂದರೆ ಒತ್ತಾಯ ಬೇಡ. ವಾಸಿಯಾದ ಮೇಲೆ ಒಂದೆರಡು ವಾರ ದಿನಕ್ಕೆ ಒಂದು ಹೊತ್ತು ಹೆಚ್ಚು ಉಣಿಸಿ, ಕಳೆದ ತೂಕ ಮರಳುತ್ತದೆ.

4. ಜ್ವರದ ಔಷಧ ಕೊಡುವಾಗ ಬಾಟಲಿ ನೋಡಿ. ಪ್ಯಾರಾಸಿಟಮಾಲ್ ಡ್ರಾಪ್ಸ್ ಸಿರಪ್‌ಗಿಂತ ಎಷ್ಟೋ ಪಟ್ಟು ಗಟ್ಟಿ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಲಿವರಿಗೆ ಪೆಟ್ಟು. ಪ್ರಮಾಣವನ್ನು ಕೂಸಿನ ತೂಕ ನೋಡಿ ವೈದ್ಯರೇ ಹೇಳಬೇಕು.

5. ಉಚ್ಚೆಯ ಲೆಕ್ಕ ಇಡಿ. ಕೊನೆಯ ಸಲ ಯಾವಾಗ ಹೋಯಿತು ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು.

ಬೇಧಿ ಇದ್ದರೆ: ಓಆರ್‌ಎಸ್ ಸರಿಯಾಗಿ ಕೊಡುವುದು ಹೇಗೆ?

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು-ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಗುಟ್ಟು ಇಷ್ಟೇ: ಕರುಳಿನಲ್ಲಿ ಗ್ಲೂಕೋಸ್ ಮತ್ತು ಉಪ್ಪು ಸರಿಯಾದ ಪ್ರಮಾಣದಲ್ಲಿ ಜೊತೆಯಾಗಿ ಹೀರಿಕೆಯಾಗುತ್ತವೆ, ಅವುಗಳ ಹಿಂದೆ ನೀರೂ ಒಳಗೆ ಹೋಗುತ್ತದೆ. ಬರೀ ಸಕ್ಕರೆ ಹೆಚ್ಚಾದರೆ ಉಲ್ಟಾ. ನೀರು ಕರುಳಿಗೆ ಎಳೆದು ಬೇಧಿ ಹೆಚ್ಚುತ್ತದೆ.

ಹೀಗಾಗಿ ಅಳತೆಯೇ ಮುಖ್ಯ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ, 200 ಮಿ.ಲೀ.ಯ ಚಿಕ್ಕ ಪ್ಯಾಕೆಟ್ ಪೂರ್ತಿ ಅಷ್ಟೇ ನೀರಿಗೆ. ಅಂದಾಜಿನಲ್ಲಿ ಅರ್ಧ ಚಮಚ ಹಾಕಬೇಡಿ, ಹಾಲು-ಸಕ್ಕರೆ ಬೆರೆಸಬೇಡಿ. ಕುದಿಸಿ ಆರಿಸಿದ ನೀರು ಬಳಸಿ. ಕಲಸಿದ ಓಆರ್‌ಎಸ್ 24 ಗಂಟೆ ಮಾತ್ರ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಬೇಧಿಯ ನಂತರ 50ರಿಂದ 100 ಮಿ.ಲೀ., ಚಮಚದಿಂದ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಎರಡು ತಿಂಗಳೊಳಗಿನ ಕೂಸಿಗೆ ಬೇಧಿಯಾದರೆ ಮನೆಮದ್ದಿನ ಬದಲು ಸೀದಾ ವೈದ್ಯರ ಬಳಿ ಹೋಗಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ 14 ದಿನ ಸತುವಿನ ಮಾತ್ರೆಯನ್ನೂ ಕೊಡುತ್ತಾರೆ. ಬೇಧಿ ನಿಂತರೂ ಮಾತ್ರೆ ಪೂರ್ತಿ ಮುಗಿಸಬೇಕು.

ಅಂಗಡಿಯ ಟೆಟ್ರಾ ಪ್ಯಾಕ್ ಪಾನೀಯ ಓಆರ್‌ಎಸ್ ಅಲ್ಲ. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇಂಥ ಸಿಹಿ ಪಾನೀಯಗಳ ಹೆಸರಿನಲ್ಲಿ "ಓಆರ್‌ಎಸ್" ಪದ ಬಳಸದಂತೆ ಆದೇಶಿಸಿತು. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ ಕೊಳ್ಳಿ.

ನಮ್ಮೂರಿನ ನೀರಿನ ಮಾತು

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳದ ನೀರು ಬರುವುದು ಕೆಲವು ದಿನಕ್ಕೊಮ್ಮೆ. ಅದನ್ನು ಡ್ರಮ್ಮು, ಕೊಡಗಳಲ್ಲಿ ತುಂಬಿಡುತ್ತೇವೆ. 24 ಗಂಟೆ ನೀರು ಬರುವ ವಾರ್ಡುಗಳನ್ನೂ ಹೀಗೆ ಬಿಟ್ಟು ಬಿಟ್ಟು ಬರುವ ವಾರ್ಡುಗಳನ್ನೂ ಹೋಲಿಸಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಒಟ್ಟಾರೆ ಬೇಧಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ನಿರಂತರ ನೀರಿದ್ದ ಕಡೆ ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಬೇಧಿ ಕಡಿಮೆಯಿತ್ತು. ಅಂದರೆ ನಳದ ನೀರೊಂದೇ ಸಾಲದು. ಕುದಿಸುವುದು, ಮುಚ್ಚಿಡುವುದು, ಕೈ ಅದ್ದದೆ ಸೌಟಿನಿಂದ ತೆಗೆಯುವುದು, ಉಣಿಸುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ಇವೂ ಬೇಕು.

ನಂಬಿಕೆ ಮತ್ತು ವಾಸ್ತವ

"ಹಲ್ಲು ಬರುವಾಗ ಹೀಗೇ ಆಗುತ್ತದೆ." ಹಲ್ಲು ಬರುವಾಗ ಜೊಲ್ಲು, ಕಿರಿಕಿರಿ ಇರುತ್ತದೆ. ಜೋರು ಜ್ವರ, ಬೇಧಿ, ಪೂರ್ತಿ ಹಾಲು ಬಿಡುವುದು ಹಲ್ಲಿನಿಂದ ಬರುವುದಿಲ್ಲ.

"ನೆದರ ತೆಗೆದರೆ ಸರಿಯಾಗುತ್ತದೆ." ಮನಸ್ಸಿನ ಸಮಾಧಾನಕ್ಕೆ ತೆಗೆಯಿರಿ, ಎರಡು ನಿಮಿಷದ ಕೆಲಸ. ಅದರ ಫಲ ನೋಡಲು ರಾತ್ರಿಯೆಲ್ಲ ಕಾಯಬೇಡಿ.

"ಬರೆ ಹಾಕಿದರೆ ಕೂಸು ಚುರುಕಾಗುತ್ತದೆ." ಬರೆಯಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಸುಟ್ಟ ಗಾಯ, ಅದರಿಂದ ಸೋಂಕು, ಕಳೆದುಹೋದ ಸಮಯ ಇವಷ್ಟೇ ಉಳಿಯುತ್ತವೆ.

"ನೆತ್ತಿ ಕುಗ್ಗಿದೆ, ಎಣ್ಣೆ ಒತ್ತಿ." ಕುಗ್ಗಿದ ನೆತ್ತಿ ದೇಹದಲ್ಲಿ ನೀರು ಕಡಿಮೆಯಾಗಿರುವುದರ ಗುರುತು. ಎಣ್ಣೆ ಮೇಲೆ ಉಳಿಯುತ್ತದೆ; ಬೇಕಾದದ್ದು ಒಳಗೆ ದ್ರವ.

"ಜೇನು ನೆಕ್ಕಿಸಿ, ಬಜೆ ತೇದು ಹಾಕಿ." ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬಾಟುಲಿಸಮ್ ಎಂಬ ಪಾರ್ಶ್ವವಾಯು ತರಬಲ್ಲದು. ತೇದ ಗುಟ್ಟಿಯ ಜೊತೆ ಕಲ್ಲಿನ, ಬೆರಳಿನ ಕೊಳೆಯೂ ಹೊಟ್ಟೆಗೆ ಹೋಗುತ್ತದೆ.

"ಮೂಗು ಹಿಡಿದು ಬಾಯಿಗೆ ಸುರಿದರೆ ನುಂಗುತ್ತದೆ." ನುಂಗಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಮಂಕಾದ ಕೂಸಿನ ಬಾಯಿಗೆ ಏನನ್ನೂ ಹಾಕಬೇಡಿ.

ಯಾವಾಗ ಹೊರಡಬೇಕು?

ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ:

- ಎರಡು ತಿಂಗಳೊಳಗಿನ ಕೂಸು ಹಾಲು ಬಿಟ್ಟಿದೆ, ಅಥವಾ ಚೀಪುವ ಶಕ್ತಿ ಇಲ್ಲ
- ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಅಥವಾ ಮೈ ತಣ್ಣಗಾಗಿದೆ
- 8 ಗಂಟೆಯಿಂದ ಉಚ್ಚೆ ಇಲ್ಲ. ಬಾಯಿ ಒಣಗಿದೆ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿವೆ
- ಒಂದು ದಿನದಲ್ಲಿ ಎಂದಿನ ಅರ್ಧಕ್ಕಿಂತ ಕಡಿಮೆ ಕುಡಿದಿದೆ
- ಕುಡಿದದ್ದೆಲ್ಲ ವಾಂತಿ, ಹಸಿರು ವಾಂತಿ, ಮಲದಲ್ಲಿ ರಕ್ತ
- ವೇಗದ ಉಸಿರಾಟ, ತುಟಿ ನೀಲಿಯಾಗಿದೆ
- ಫಿಟ್ಸ್, ಅಥವಾ ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ

108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಉಚಿತ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಕಿಮ್ಸ್ ಇದೆ; 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಎಂದು ಶುರುವಾದ ಈ ಸರ್ಕಾರಿ ಆಸ್ಪತ್ರೆಯ ಈಗಿನ ಹೆಸರು ಕೆಎಂಸಿಆರ್‌ಐ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ, ಎರಡೂ ಊರಿನ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆ ಇವೆ. ಹಳ್ಳಿಯಲ್ಲಿದ್ದರೆ ಮೊದಲು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ. ಈ ಚಿಹ್ನೆಗಳನ್ನು ಗುರುತಿಸುವ ತರಬೇತಿ ಅವರಿಗಿದೆ, ಓಆರ್‌ಎಸ್ ಕೂಡ ಅವರ ಬಳಿ ಸಿಗುತ್ತದೆ. ಹೋಗುವಾಗ ತಾಯಿ ಕಾರ್ಡು, ಕೊಟ್ಟ ಔಷಧದ ಬಾಟಲಿ ಜೊತೆಗಿರಲಿ. ದಾರಿಯಲ್ಲಿ ಕೂಸನ್ನು ಬೆಚ್ಚಗಿಡಿ. ಎಚ್ಚರವಿದ್ದು ಕುಡಿಯುತ್ತಿದ್ದರೆ ಎದೆಹಾಲು ಕೊಡುತ್ತಿರಿ.

ಕೊನೆಗೆ, ಗ್ರೂಪಿಗೆ ಕಳಿಸಲು ನಾಲ್ಕು ಸಾಲು

ಊಟ ಬಿಟ್ಟ ಕೂಸನ್ನು ಗಮನಿಸಿ. ಕುಡಿಯುವುದನ್ನು ಬಿಟ್ಟ ಕೂಸನ್ನು ಆಸ್ಪತ್ರೆಗೆ ಒಯ್ಯಿರಿ. ಎರಡು ತಿಂಗಳೊಳಗಿದ್ದರೆ ಈಗಲೇ. ಉಚ್ಚೆ ಯಾವಾಗ ಹೋಯಿತು ಎಂದು ನೆನಪಿಡಿ. ನಿಮ್ಮ ಗ್ರೂಪಿನಲ್ಲಿ ಇಂದು ಯಾರ ಮನೆಯಲ್ಲಿ ಕೂಸು ಮಲಗಿದೆಯೋ ಗೊತ್ತಿಲ್ಲ. ಜೇನಿನ ಸಲಹೆಗಿಂತ ಮೊದಲು ಇದು ಅವರಿಗೆ ತಲುಪಲಿ.