ತುರುಗಾಯ್ದವರ ಕಲ್ಲುಗಳು

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ದೇಗುಲದ ಬಳಿಯೋ ಕೆರೆಯೇರಿಯ ಮೇಲೋ ನಿಂತಿರುವ ವೀರಗಲ್ಲುಗಳನ್ನು ನೀವೆಲ್ಲ ಕಂಡಿದ್ದೀರಿ. ಅವೆಲ್ಲವೂ ಅರಸರ ಯುದ್ಧಗಳ ಗುರುತೆಂದು ಅನೇಕರ ಭಾವನೆ. ಆದರೆ ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳನ್ನು ಓದಿದಾಗ ನನಗೆ ಕಂಡುದು ಹಳ್ಳಿಗರ ಬಾಳು. ಈ ಸೀಮೆಯ ಶಾಸನಗಳಲ್ಲಿ ತುರುಗೊಳ್ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ತುರುಗೊಳ್ ಎಂದರೆ ದನಗಳ ಅಪಹರಣ. ಹಾಗೆಯೇ ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ, ಊರಳಿವು ಎಂದರೆ ಊರಿನ ನಾಶ.

ಉಳುಮೆ, ಗೊಬ್ಬರ, ಹಾಲು ಎಲ್ಲವೂ ದನಗಳಿಂದಲೇ. ದನ ಹೋದರೆ ಮುಂದಿನ ವರ್ಷದ ಬೆಳೆಯೂ ಹೋದಂತೆ. ಅರಸನ ಸೇನೆ ಬರುವವರೆಗೆ ಕಾಯಲು ವ್ಯವಧಾನವೆಲ್ಲಿ? ಊರವರೇ ಬೆನ್ನಟ್ಟಿ ಹೋರಾಡಿದರು. ಮಡಿದವನ ಮನೆಗೆ ಭೂಮಿಯನ್ನು ಕೊಡುವ ಪದ್ಧತಿಯೂ ಇತ್ತು, ಅದು ನೆತ್ತರುಗೊಡಗೆ.

ಇಂದು ಜಾನುವಾರುಗಳಿಗೆ ವಿಮೆಯುಂಟು, ಕಳವಾದರೆ ದೂರು ಕೊಡಲು ಪೊಲೀಸ್ ಠಾಣೆಯುಂಟು. ಅಂದು ಅವೆರಡರ ಸ್ಥಾನದಲ್ಲಿದ್ದುದು ಊರ ಮಗನೊಬ್ಬನ ಪ್ರಾಣ. ಅರಸರ ಹೆಸರನ್ನು ಗ್ರಂಥಗಳು ಉಳಿಸಿಯಾವು, ಇವನ ಹೆಸರಿಗೆ ಆ ಕಲ್ಲೊಂದೇ ಆಸರೆ. ಅದು ಬಟ್ಟೆ ಒಗೆಯುವ ಚಪ್ಪಡಿಯಾಗದಂತೆ ನೋಡಿಕೊಳ್ಳುವ ಹೊಣೆ ನಿಮ್ಮದು.